ತೂಕದ ಅಂಕಿ ಬಿಲ್ಲಿಗೆ ತಲುಪುವ ಬಗೆ: ಸೀರಿಯಲ್ ಪೋರ್ಟ್ ಲೈಬ್ರರಿಯ ಆಯ್ಕೆ

ಅಕ್ಕಿ ಗಿರಣಿ, ಜಲ್ಲಿ ಕ್ರಷರ್, ಗುಜರಿ ವ್ಯಾಪಾರ ಮೊದಲಾದ, ತೂಕದ ಮೇಲೆ ಬಿಲ್ಲು ಬರೆಯುವ ಉದ್ದಿಮೆಗಳಲ್ಲಿ ವೇಬ್ರಿಡ್ಜ್‌ನ ಇಂಡಿಕೇಟರನ್ನು ಗಣಕಯಂತ್ರಕ್ಕೆ ಜೋಡಿಸುವುದು ಇಂದು ಸಾಮಾನ್ಯವಾಗಿದೆ. ಅಂಕಿಯನ್ನು ಕೈಯಿಂದ ಟೈಪ್ ಮಾಡದೆ ನೇರವಾಗಿ ಬಿಲ್ಲಿಗೆ ತರುವುದೇ ಇದರ ಉದ್ದೇಶ. ಅಂಕಿ ಸಾಗಿಬರುವ ದಾರಿ ಬಹುಮಟ್ಟಿಗೆ ಆರ್‌ಎಸ್-232 ಎಂಬ ಸೀರಿಯಲ್ ಸಂಪರ್ಕ. 1960ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಮಾನಕ ಇಂದಿಗೂ ಕಾರ್ಖಾನೆಗಳಲ್ಲಿ ಉಳಿದುಕೊಂಡಿದೆ. ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ತೂಕಯಂತ್ರಕ್ಕೆ ಬೀಳುತ್ತದೆ. ಆದರೆ ಅದರ ಅಂಕಿಯನ್ನು ಓದಿಕೊಳ್ಳುವ ತಂತ್ರಾಂಶ ಸರಿಯಾಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ಉದ್ದಿಮೆದಾರನದೇ.

ಇಂಟರಪ್ಟ್ ಏಕೆ ಬೇಕು?

ಸಾಮಾನ್ಯವಾಗಿ ಬಳಸುವ ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಪ್ರತಿ ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಗುರುತುಗಳೂ ಸೇರಿ 10 ಬಿಟ್‌ಗಳು ತಗಲುತ್ತವೆ. ಅಂದರೆ ಸೆಕೆಂಡಿಗೆ 960 ಅಕ್ಷರಗಳು. 1981ರ ಐಬಿಎಂ ಪಿಸಿಯ ಸೀರಿಯಲ್ ಕಾರ್ಡಿನಲ್ಲಿದ್ದ 8250 ಚಿಪ್, ಬಂದ ಒಂದು ಅಕ್ಷರವನ್ನು ಮಾತ್ರ ಹಿಡಿದಿಡಬಲ್ಲದಾಗಿತ್ತು. ಸುಮಾರು ಒಂದು ಮಿಲಿಸೆಕೆಂಡಿನೊಳಗೆ ಅದನ್ನು ಎತ್ತಿಕೊಳ್ಳದಿದ್ದರೆ ಮುಂದಿನ ಅಕ್ಷರ ಬಂದು ಹಿಂದಿನದು ಅಳಿಸಿಹೋಗುತ್ತಿತ್ತು. ನಂತರ ಬಂದ 16550ಎ ಚಿಪ್‌ಗೆ 16 ಅಕ್ಷರಗಳನ್ನು ಸಾಲಾಗಿ ಹಿಡಿದಿಡುವ ಸಾಮರ್ಥ್ಯ ದೊರೆಯಿತು.

ಅಕ್ಷರ ಬಂದಿದೆಯೇ ಎಂದು ತಂತ್ರಾಂಶವೇ ಪದೇ ಪದೇ ನೋಡುತ್ತಿರುವುದು ಒಂದು ವಿಧಾನ. ಇದು ಟಪಾಲು ಬಂತೇ ಎಂದು ಗುಮಾಸ್ತ ಕ್ಷಣಕ್ಷಣಕ್ಕೂ ಬಾಗಿಲಿಗೆ ಓಡಿದಂತೆ. ಬೇರೆ ಕೆಲಸ ನಿಲ್ಲುತ್ತದೆ, ಕೆಲಸದಲ್ಲಿ ಮುಳುಗಿದರೆ ಟಪಾಲು ತಪ್ಪುತ್ತದೆ. ಅಕ್ಷರ ಬಂದೊಡನೆ ಚಿಪ್ ತಾನೇ ಪ್ರೊಸೆಸರನ್ನು ಕರೆಯುವುದು ಇನ್ನೊಂದು ವಿಧಾನ. ಈ ಕರೆಗಂಟೆಯೇ ಇಂಟರಪ್ಟ್. ಬಂದ ಅಕ್ಷರವನ್ನು ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇರಿಸಿ, ಪ್ರೊಸೆಸರ್ ತನ್ನ ಕೆಲಸಕ್ಕೆ ಮರಳುತ್ತದೆ.

ಲೈಬ್ರರಿಗಳು ಎಲ್ಲಿ ದೊರೆಯುತ್ತವೆ?

ಡಾಸ್ ಕಾಲದ ಪಿಸಿಯಲ್ಲಿದ್ದ ಬಯೋಸ್ ಸೇವೆ ಇಂಟರಪ್ಟ್ ಬಳಸುತ್ತಿರಲಿಲ್ಲ. ಆದ್ದರಿಂದ ಆ ಭಾಗದ ಸಿದ್ಧ ಕೋಡನ್ನು ಲೈಬ್ರರಿಯಾಗಿ ಮಾರುವ ವ್ಯವಹಾರವೇ ಬೆಳೆಯಿತು. ಡೆಲ್ಫಿ ಬಳಕೆದಾರರಲ್ಲಿ ಹೆಸರಾಗಿದ್ದ ಟರ್ಬೋಪವರ್ ಸಂಸ್ಥೆಯ ಅಸಿಂಕ್ ಪ್ರೊಫೆಷನಲ್ ಲೈಬ್ರರಿ 2003ರಲ್ಲಿ ಮುಕ್ತ ತಂತ್ರಾಂಶವಾಯಿತು. ಮಾರಾಟ ನಿಂತರೂ ಸೋರ್ಸ್ ಕೋಡ್ ಬಳಕೆದಾರರ ಕೈಯಲ್ಲಿ ಉಳಿದದ್ದು ಗಮನಾರ್ಹ.

ವಿಂಡೋಸ್ ಎನ್‌ಟಿ ಹಾಗೂ ಅದರ ವಂಶದ ಎಕ್ಸ್‌ಪಿ ಮುಂತಾದ ಎಲ್ಲ ಆವೃತ್ತಿಗಳಲ್ಲಿ ಸಾಮಾನ್ಯ ತಂತ್ರಾಂಶವು ಚಿಪ್ಪನ್ನು ನೇರವಾಗಿ ಮುಟ್ಟುವಂತಿಲ್ಲ. ಇಂಟರಪ್ಟ್ ನಿರ್ವಹಣೆ ಡ್ರೈವರ್‌ನ ಕೆಲಸ. ಲೈಬ್ರರಿ ಡ್ರೈವರ್‌ನೊಡನೆ ಮಾತನಾಡುತ್ತದೆ. ಹೀಗಾಗಿ ಡಾಸ್‌ಗಾಗಿ ಬರೆದ ಇಂಟರಪ್ಟ್ ಕೋಡನ್ನು ಇಂದಿನ ಗಣಕಯಂತ್ರಕ್ಕೆ ಹಾಗೆಯೇ ತರಲಾಗದು. 2005ರ ಡಾಟ್‌ನೆಟ್ 2.0 ಆವೃತ್ತಿಯಿಂದ ಸೀರಿಯಲ್‌ಪೋರ್ಟ್ ಸೌಲಭ್ಯ ಅದರೊಳಗೇ ಇದೆ. ಪೈಥಾನ್‌ಗೆ ಪೈಸೀರಿಯಲ್, ಸಿ ಭಾಷೆಗೆ ಲಿಬ್‌ಸೀರಿಯಲ್‌ಪೋರ್ಟ್, ಜಾವಾಗೆ ಜೆಸೀರಿಯಲ್‌ಕಾಮ್ ಉಚಿತವಾಗಿ ದೊರೆಯುತ್ತವೆ. ಇಷ್ಟಿರುವಾಗ ಈ ಭಾಗವನ್ನು ಹೊಸದಾಗಿ ಬರೆಯಿಸಲು ಪ್ರತ್ಯೇಕ ಶುಲ್ಕ ತೆರುವ ಅಗತ್ಯ ಬಹಳ ಅಪರೂಪ.

ಹಳೆಯ ತೂಕ, ಹೊಸ ಲಾರಿ

ಲೈಬ್ರರಿ ಅಕ್ಷರಗಳನ್ನು ತಲುಪಿಸುತ್ತದೆಯೇ ಹೊರತು ಅವುಗಳ ಅರ್ಥವನ್ನಲ್ಲ. ನಿಜವಾದ ಅಪಾಯ ಇರುವುದು ಇಲ್ಲಿ. ಉದಾಹರಣೆಗೆ, ಇಂಡಿಕೇಟರ್ ಒಂದು 12 ಅಕ್ಷರಗಳ ಸಂದೇಶವನ್ನು ಸೆಕೆಂಡಿಗೆ 10 ಬಾರಿ ಕಳಿಸುತ್ತದೆ ಎನ್ನೋಣ. 4,096 ಅಕ್ಷರ ಹಿಡಿಯುವ ಬಫರ್ ಸುಮಾರು 34 ಸೆಕೆಂಡುಗಳಲ್ಲಿ ತುಂಬುತ್ತದೆ. ಆಮೇಲೆ ಬಂದದ್ದಕ್ಕೆ ಜಾಗವಿಲ್ಲ. ಒಳಗಿರುವುದು ಹಳೆಯ ತೂಕ. ಗುಮಾಸ್ತ ಐದು ನಿಮಿಷಗಳ ನಂತರ ಗುಂಡಿ ಒತ್ತಿದಾಗ ತಂತ್ರಾಂಶ ಸಾಲಿನ ಮೊದಲ ಸಂದೇಶವನ್ನೇ ಓದಿದರೆ, ಹಿಂದಿನ ಲಾರಿಯ ತೂಕ ಈಗಿನ ಲಾರಿಯ ಬಿಲ್ಲಿಗೆ ಬರುತ್ತದೆ. 12,340 ಕಿಲೋ ಎಂಬಲ್ಲಿ ಅಂಕಿಯೊಂದು ಉದುರಿ 1,240 ಆದರೆ ಯಾರಾದರೂ ಗುರುತಿಸುತ್ತಾರೆ. ಹಿಂದಿನ ಲಾರಿಯ 11,980 ಕಿಲೋ ನಂಬುವಂತಹ ಅಂಕಿಯಾದ್ದರಿಂದ ಯಾರ ಕಣ್ಣಿಗೂ ಬೀಳದೆ ದಾಸ್ತಾನು ಮತ್ತು ತೆರಿಗೆ ಲೆಕ್ಕದವರೆಗೂ ಸಾಗುತ್ತದೆ. ಪರಿಹಾರ ಸರಳ: ಓದುವ ಮುನ್ನ ಬಫರನ್ನು ಖಾಲಿ ಮಾಡಿ, ಅನಂತರ ಬಂದ ಪೂರ್ಣ ಸಂದೇಶವನ್ನು ಮಾತ್ರ ಸ್ವೀಕರಿಸಬೇಕು.

ಒಪ್ಪಂದಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

1. ಬಳಸುವ ಲೈಬ್ರರಿಯ ಹೆಸರು, ಆವೃತ್ತಿ ಮತ್ತು ಪರವಾನಗಿಯನ್ನು ಲಿಖಿತವಾಗಿ ಪಡೆಯಬೇಕು. ಉಚಿತ ಎಂದಮಾತ್ರಕ್ಕೆ ಷರತ್ತುಗಳಿಲ್ಲವೆಂದಲ್ಲ.

2. ಇಡೀ ತಂತ್ರಾಂಶದ ಸೋರ್ಸ್ ಕೋಡ್ ಉದ್ದಿಮೆಗೆ ಹಸ್ತಾಂತರವಾಗಬೇಕು. ಬರೆದವರು ಊರು ಬಿಟ್ಟರೂ ವ್ಯವಹಾರ ನಿಲ್ಲಬಾರದು.

3. ಸಂದೇಶದ ಆರಂಭ, ಅಂತ್ಯ, ಉದ್ದ ಹಾಗೂ ತೂಕ ಸ್ಥಿರವಾಗಿದೆಯೆಂಬ ಗುರುತನ್ನು ತಂತ್ರಾಂಶ ಪರೀಕ್ಷಿಸಬೇಕು. ತಪ್ಪಿದ ಸಂದೇಶವನ್ನು ತಿರಸ್ಕರಿಸಬೇಕು, ಊಹಿಸಿ ತುಂಬಬಾರದು.

4. ಹೊಸ ಗಣಕಯಂತ್ರಗಳಲ್ಲಿ ಒಂಬತ್ತು ಪಿನ್ನಿನ ಪೋರ್ಟ್ ಅಪರೂಪ. ಯುಎಸ್‌ಬಿ ಪರಿವರ್ತಕ ಅನಿವಾರ್ಯ. ಅದನ್ನು ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಬೇಕು. 2014ರಲ್ಲಿ ಎಫ್‌ಟಿಡಿಐ ಸಂಸ್ಥೆಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದಾಗ, ಅದರ ಚಿಪ್ಪಿನ ನಕಲುಗಳಿದ್ದ ಪರಿವರ್ತಕಗಳು ಕೆಲಸ ನಿಲ್ಲಿಸಿದವು.

5. ಬಂದ ಸಂದೇಶವನ್ನು ದಿನಾಂಕ, ಸಮಯಗಳೊಂದಿಗೆ ಇದ್ದಂತೆಯೇ ಉಳಿಸಬೇಕು. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತೂಕದ ಮೂಲ ದಾಖಲೆಯೂ ಜೊತೆಗಿದ್ದರೆ ಗ್ರಾಹಕರ ತಕರಾರಿಗೂ ಲೆಕ್ಕಪರಿಶೋಧಕರ ಪ್ರಶ್ನೆಗೂ ಉತ್ತರ ಸುಲಭ.

ಅಂತಿಮ ಹಣ ಪಾವತಿಗೆ ಮುನ್ನ ಒಂದು ಪರೀಕ್ಷೆ ನಡೆಸುವುದು ಒಳಿತು. ತೂಕ ತಿಳಿದ ಎರಡು ವಾಹನಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ನಡುವೆ ಐದು ನಿಮಿಷ ಬಿಟ್ಟು, ಒಮ್ಮೆ ಕೇಬಲ್ ಕಿತ್ತು ಮತ್ತೆ ಜೋಡಿಸಿ, ಇಂಡಿಕೇಟರಿನ ಅಂಕಿಯನ್ನೂ ಬಿಲ್ಲಿನ ಅಂಕಿಯನ್ನೂ ತಾಳೆ ನೋಡಬೇಕು. ಅರ್ಧ ಗಂಟೆಯ ಈ ಶ್ರಮ ವರ್ಷವಿಡೀ ಬರೆಯುವ ಬಿಲ್ಲುಗಳಿಗೆ ಆಧಾರವಾಗುತ್ತದೆ.