ಮಸ್ಕತ್ತಿನ ಅರಸರೂ ಎರಡು ಸಾಮ್ರಾಜ್ಯಗಳೂ

1799ನೆಯ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಕಥೆ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಅದೇ ವರ್ಷದ ಜನವರಿಯಲ್ಲಿ ನೆಪೋಲಿಯನ್ ಕೈರೋ ನಗರದಿಂದ ಟಿಪ್ಪುವಿಗೆ ಪತ್ರ ಬರೆದನೆಂಬುದನ್ನೂ, ಅದು ದಾರಿಯಲ್ಲಿಯೇ ಆಂಗ್ಲರ ಕೈ ಸೇರಿತೆಂಬುದನ್ನೂ ನಾವು ಓದಿದ್ದೇವೆ. ಆದರೆ ಆ ಪತ್ರದ ಜೊತೆಯಲ್ಲಿ ಇನ್ನೊಂದು ಪತ್ರವಿದ್ದಿತು. ಅದು ಮಸ್ಕತ್ತಿನ ಅರಸನಿಗೆ ಬರೆದದ್ದು. ಒಳಗಿಟ್ಟಿರುವ ಓಲೆಯನ್ನು ಟಿಪ್ಪುವಿಗೆ ತಲುಪಿಸಬೇಕೆಂಬ ಕೋರಿಕೆ ಅದರಲ್ಲಿದ್ದಿತು. ಈ ಎರಡನೆಯ ಪತ್ರವನ್ನು ನಾನು ಬಹುಕಾಲ ಗಮನಿಸಿರಲೇ ಇಲ್ಲ. ಫ್ರೆಂಚರಿಗೂ ಮೈಸೂರಿಗೂ ನಡುವೆ ಮಸ್ಕತ್ತು ಏಕೆ ಬಂದಿತು? ಆ ಅರಸನ ಪಾಡು ಮುಂದೆ ಏನಾಯಿತು? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದಾಗ ನನಗೆ ತಿಳಿದುಬಂದುದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಭೂಪಟವನ್ನು ಎದುರಿಗಿಟ್ಟುಕೊಂಡರೆ ಅರ್ಧ ಉತ್ತರ ಸಿಕ್ಕಿದಂತೆಯೇ. ಅರೇಬಿಯ ಪರ್ಯಾಯದ್ವೀಪದ ಆಗ್ನೇಯ ಮೂಲೆಯಲ್ಲಿ, ಪರ್ಷಿಯನ್ ಕೊಲ್ಲಿಯ ಬಾಯಿಗೆ ಹೋಗುವ ದಾರಿಯಲ್ಲಿ ಮಸ್ಕತ್ತು ಇದೆ. ಸುತ್ತಲೂ ಬೋಳು ಬೆಟ್ಟಗಳು. ನಡುವೆ ಕಿರಿದಾದ ಬಂದರು. ಅದರ ಎರಡು ಕಡೆಗಳಲ್ಲಿಯೂ ಪೋರ್ಚುಗೀಸರ ಕಾಲದ ಜಲಾಲಿ ಮತ್ತು ಮೀರಾನಿ ಎಂಬ ಕೋಟೆಗಳು. 1650ರಲ್ಲಿ ಅರಬರು ಪೋರ್ಚುಗೀಸರನ್ನು ಅಲ್ಲಿಂದ ಓಡಿಸಿ, ತಾವೇ ಸಮುದ್ರ ವ್ಯಾಪಾರದಲ್ಲಿ ಪ್ರಬಲರಾದರು. ಊರಿನ ಹಿಂದೆ ಅಕ್ಕಿ ಬೆಳೆಯುವ ನೆಲವಿಲ್ಲ. ಅನ್ನ ಬರಬೇಕಾದದ್ದು ಹಡಗಿನಲ್ಲಿ. ಅದರಲ್ಲಿ ಹೆಚ್ಚಿನ ಪಾಲು ನಮ್ಮ ಮಂಗಳೂರಿನ ಕಡೆಯಿಂದ. ಅಕ್ಕಿ, ಮೆಣಸು, ಶ್ರೀಗಂಧ, ಏಲಕ್ಕಿಗಳು ಇಲ್ಲಿಂದ ಹೋದರೆ ಅಲ್ಲಿಂದ ಕುದುರೆಗಳೂ ಖರ್ಜೂರವೂ ಬರುತ್ತಿದ್ದುವು. ಟಿಪ್ಪು ಮಸ್ಕತ್ತಿನಲ್ಲಿ ಒಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದನು. ಅದೇ ಅರಸ ಫ್ರೆಂಚರ ಮಾರಿಷಸ್ ದ್ವೀಪದೊಡನೆಯೂ ಆಂಗ್ಲರ ಮುಂಬಯಿಯೊಡನೆಯೂ ವ್ಯಾಪಾರ ನಡೆಸುತ್ತಿದ್ದನು. ಅವನ ಬೊಕ್ಕಸ ತುಂಬುತ್ತಿದ್ದುದು ಬಂದರಿನ ಸುಂಕದಿಂದ. ಎಲ್ಲರೊಡನೆಯೂ ಸ್ನೇಹದಿಂದಿರುವುದು ಅವನಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿದ್ದಿತು.

1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದೊಡನೆ ಈ ಸ್ನೇಹ ಕಷ್ಟಕ್ಕಿಟ್ಟುಕೊಂಡಿತು. ಫ್ರೆಂಚರು ಕೆಂಪು ಸಮುದ್ರದ ಮೂಲಕ ಇಂಡಿಯಕ್ಕೆ ಬಂದಾರೆಂಬ ಭಯ ಈಸ್ಟ್ ಇಂಡಿಯ ಕಂಪೆನಿಗೆ ಹಿಡಿಯಿತು. ಅದರ ಪ್ರತಿನಿಧಿ ಮೆಹದಿ ಆಲಿಖಾನನು ಮಸ್ಕತ್ತಿಗೆ ಹೋಗಿ, ಅಲ್ಲಿನ ಅರಸ ಸಯ್ಯದ್ ಸುಲ್ತಾನ್ ಬಿನ್ ಅಹಮದನಿಂದ 1798ರ ಅಕ್ಟೋಬರ್ 12ರಂದು ಒಂದು ಕೌಲುನಾಮೆಯನ್ನು ಬರೆಯಿಸಿಕೊಂಡನು. ಯುದ್ಧ ಮುಗಿಯುವವರೆಗೆ ಫ್ರೆಂಚರಿಗಾಗಲಿ ಡಚ್ಚರಿಗಾಗಲಿ ಕೋಠಿಗೆ ಸ್ಥಳ ಕೊಡಕೂಡದು. ಆಂಗ್ಲರಿಗೂ ಫ್ರೆಂಚರಿಗೂ ಜಗಳ ಬಂದರೆ ಅರಸನು ಆಂಗ್ಲರ ಪಕ್ಷದಲ್ಲಿರಬೇಕು. ಆದರೂ ಆತ ಜಾಣ. ಆಂಗ್ಲರು ಕೋಠಿ ಕಟ್ಟಲು ಅವನು ಒಪ್ಪಿದ್ದು ಮಸ್ಕತ್ತಿನಲ್ಲಲ್ಲ, ಕೊಲ್ಲಿಯ ಆಚೆ ದಡದ ಬಂದರ್ ಅಬ್ಬಾಸಿನಲ್ಲಿ. 1800ರಲ್ಲಿ ಜಾನ್ ಮಾಲ್ಕಂ ಬಂದು ಇನ್ನೊಂದು ಕರಾರು ಮಾಡಿದನು. ಕಂಪೆನಿಯ ಒಬ್ಬ ರೆಸಿಡೆಂಟನು ಮಸ್ಕತ್ತಿನಲ್ಲಿಯೇ ಇರತಕ್ಕದ್ದೆಂದು ಅದರಲ್ಲಿ ಗೊತ್ತಾಯಿತು. ಈ ಮೈತ್ರಿ ಸೂರ್ಯಚಂದ್ರರ ಸಂಚಾರ ಮುಗಿಯುವವರೆಗೂ ನಿಲ್ಲಬೇಕೆಂಬ ಮಾತೂ ಅದರಲ್ಲಿದೆ. ನಮ್ಮ ಶಾಸನಗಳ ‘ಆಚಂದ್ರಾರ್ಕ’ವನ್ನು ಅಷ್ಟು ದೂರದ ಕರಾರಿನಲ್ಲಿ ಕಂಡು ನನಗೆ ಆಶ್ಚರ್ಯವಾಯಿತು.

ಇದಾದ ಮೇಲೆ ಅರ್ಧ ಶತಮಾನ ಮಸ್ಕತ್ತಿಗೆ ಒಳ್ಳೆಯ ಕಾಲ. ಸಯ್ಯದ್ ಸಯೀದನು ಆಫ್ರಿಕದ ಜಾಂಜಿಬಾರಿನವರೆಗೆ ತನ್ನ ಆಳ್ವಿಕೆಯನ್ನು ಹರಡಿ ಅಲ್ಲಿ ಲವಂಗದ ತೋಟಗಳನ್ನು ಬೆಳೆಸಿದನು. 1856ರಲ್ಲಿ ಅವನು ತೀರಿಕೊಂಡಾಗ ಮಕ್ಕಳಲ್ಲಿ ಜಗಳ ಹುಟ್ಟಿತು. ಅಣ್ಣತಮ್ಮಂದಿರ ಆಸ್ತಿಯ ವಿವಾದದಲ್ಲಿ ಹೊರಗಿನವನು ಪಂಚಾಯಿತಿಗೆ ಕುಳಿತರೆ ಏನಾಗುತ್ತದೆಂಬುದು ನಮ್ಮ ಹಳ್ಳಿಗಳವರಿಗೆ ಗೊತ್ತು. ಇಲ್ಲಿ ಪಂಚನಾದವನು ಇಂಡಿಯದ ವೈಸರಾಯ್ ಲಾರ್ಡ್ ಕ್ಯಾನಿಂಗ್. 1861ರ ಅವನ ತೀರ್ಪಿನಂತೆ ರಾಜ್ಯ ಎರಡಾಯಿತು; ಶ್ರೀಮಂತವಾದ ಜಾಂಜಿಬಾರು ಬಡ ಮಸ್ಕತ್ತಿಗೆ ವರ್ಷಕ್ಕೆ 40,000 ಬೆಳ್ಳಿಯ ನಾಣ್ಯಗಳನ್ನು ಕೊಡಬೇಕಾಯಿತು. ಮುಂದೆ ಈ ಹಣವನ್ನು ಇಂಡಿಯ ಸರ್ಕಾರವೇ ಕೊಡತೊಡಗಿತು. ಹಣ ಕೊಡುವವನಿಗೆ ಅದನ್ನು ನಿಲ್ಲಿಸುವ ಅಧಿಕಾರವೂ ಇರುತ್ತದಷ್ಟೆ. ಅಷ್ಟರಲ್ಲಿ ಉಗಿಹಡಗುಗಳು ಬಂದು ಅರಬರ ಹಾಯಿಹಡಗುಗಳ ಸಂಪಾದನೆಯೂ ಇಳಿಯುತ್ತಿದ್ದಿತು.

1862ರಲ್ಲಿ ಇಂಗ್ಲೆಂಡೂ ಫ್ರಾನ್ಸೂ ಪ್ಯಾರಿಸಿನಲ್ಲಿ ಒಂದು ಘೋಷಣೆಗೆ ಸಹಿ ಹಾಕಿ, ಮಸ್ಕತ್ತು ಮತ್ತು ಜಾಂಜಿಬಾರುಗಳ ಸುಲ್ತಾನರ ಸ್ವಾತಂತ್ರ್ಯವನ್ನು ಗೌರವಿಸುತ್ತೇವೆಂದು ಹೇಳಿದುವು. ಆದರೆ ಅವು ಮಾತು ಕೊಟ್ಟುದು ಒಂದಕ್ಕೊಂದು, ಸುಲ್ತಾನರಿಗಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

1888ರಲ್ಲಿ ಪಟ್ಟಕ್ಕೆ ಬಂದವನು ಫೈಸಲ್ ಬಿನ್ ತುರ್ಕಿ. 1891ರಲ್ಲಿ ಅವನು ಆಂಗ್ಲರೊಡನೆ ವ್ಯಾಪಾರದ ಒಪ್ಪಂದ ಮಾಡಿಕೊಂಡನು. ಅದರ ಮಗ್ಗುಲಲ್ಲಿಯೇ ಗುಟ್ಟಾಗಿ ಇನ್ನೊಂದು ಮುಚ್ಚಳಿಕೆಯನ್ನು ಬರೆದುಕೊಟ್ಟನು: ತಾನೂ ತನ್ನ ವಂಶದವರೂ ಬ್ರಿಟಿಷ್ ಸರ್ಕಾರಕ್ಕಲ್ಲದೆ ಬೇರೆ ಯಾರಿಗೂ ರಾಜ್ಯದ ಯಾವ ಭಾಗವನ್ನೂ ಬಿಟ್ಟುಕೊಡುವುದಿಲ್ಲ, ಮಾರುವುದಿಲ್ಲ, ಅಡವಿಡುವುದಿಲ್ಲ. ಹೊರಗೆ ಸ್ವತಂತ್ರ ರಾಜ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ತನ್ನ ನೆಲವನ್ನು ತನ್ನಿಷ್ಟದಂತೆ ಕೊಡಲಾರದವನು.

1894ರಲ್ಲಿ ಫ್ರೆಂಚರ ಉಪರಾಯಭಾರಿ ಒತ್ತಾವಿ ಮಸ್ಕತ್ತಿಗೆ ಬಂದನು. ಮರುವರ್ಷ ಒಳನಾಡಿನ ಬುಡಕಟ್ಟಿನವರು ದಂಗೆಯೆದ್ದು ಊರಿಗೇ ನುಗ್ಗಿದಾಗ ಆಂಗ್ಲರು ಸುಲ್ತಾನನ ನೆರವಿಗೆ ಬರಲಿಲ್ಲ. ಬದಲಾಗಿ ತಮ್ಮ ಪ್ರಜೆಗಳಾದ ಇಂಡಿಯದ ವ್ಯಾಪಾರಿಗಳಿಗಾದ ನಷ್ಟವನ್ನು ತುಂಬಿಕೊಡಬೇಕೆಂದರು. ಫೈಸಲನ ಮನಸ್ಸು ಮುರಿಯಿತು. 1898ರ ಮಾರ್ಚಿಯಲ್ಲಿ ಅವನು ಮಸ್ಕತ್ತಿನ ಹತ್ತಿರದ ಬಂದರ್ ಜಿಸ್ಸಾದಲ್ಲಿ ಹಡಗುಗಳ ಕಲ್ಲಿದ್ದಲು ಶೇಖರಿಸಲು ಫ್ರೆಂಚರಿಗೆ ಸ್ಥಳ ಕೊಟ್ಟನು. ಆ ಕಾಲದಲ್ಲಿ ಕಲ್ಲಿದ್ದಲ ಉಗ್ರಾಣವೆಂದರೆ ಯುದ್ಧನೌಕೆಗೆ ನಿಲ್ದಾಣವೆಂದೇ ಅರ್ಥ.

ವಿಷಯ ಬಯಲಾದಾಗ ಲಾರ್ಡ್ ಕರ್ಜನ್ ಆಗತಾನೇ ವೈಸರಾಯ್ ಆಗಿ ಬಂದಿದ್ದನು. 1899ರ ಫೆಬ್ರವರಿಯಲ್ಲಿ ಅಡ್ಮಿರಲ್ ಡಗ್ಲಾಸನ ಯುದ್ಧನೌಕೆ ‘ಎಕ್ಲಿಪ್ಸ್’ ಬಂದರಿನಲ್ಲಿ ಲಂಗರು ಹಾಕಿತು. ಸುಲ್ತಾನನ ಅರಮನೆ ಇರುವುದು ನೀರಿನ ಅಂಚಿನಲ್ಲಿಯೇ. ಕೊಟ್ಟ ಸ್ಥಳವನ್ನು ಹಿಂದಕ್ಕೆ ಪಡೆಯದಿದ್ದರೆ ಅದರ ಮೇಲೆ ಫಿರಂಗಿ ಹಾರಿಸುವುದಾಗಿ ತಿಳಿಸಿದರು. ಫೈಸಲನು ಹಡಗಿಗೆ ಹೋದನು. ತುಂಬಿದ ದರ್ಬಾರಿನಲ್ಲಿ ತಾನು ಕೊಟ್ಟುದನ್ನು ತಾನೇ ರದ್ದುಮಾಡಿದನು.

ಇಲ್ಲಿ ಒಂದು ಸಂಗತಿ ವಿಚಾರಾರ್ಹವಾಗಿದೆ. ನೆಲ ಕೊಡುವುದು 1862ರ ಘೋಷಣೆಗೆ ವಿರುದ್ಧವೆಂದು ಆಂಗ್ಲರು ವಾದಿಸಿದರು. ಆದರೆ ಅವರೇ ಬರೆಯಿಸಿಕೊಂಡ 1891ರ ಮುಚ್ಚಳಿಕೆ ಆ ಘೋಷಣೆಗೆ ಒಪ್ಪುವಂತಹುದೇ? ಲಂಡನ್ನಿನ ಮಂತ್ರಿಗಳಿಗೂ ಈ ಫಿರಂಗಿಯ ಮಾತು ಮುಜುಗರ ತಂದಿತು. ಕೊನೆಗೆ ಆಂಗ್ಲರು ತಮ್ಮ ಕಲ್ಲಿದ್ದಲ ಉಗ್ರಾಣದಲ್ಲಿಯೇ ಫ್ರೆಂಚರಿಗೆ ಪಾಲು ಕೊಟ್ಟು ಸಮಾಧಾನಪಡಿಸಿದರು. ಎಲ್ಲರೆದುರು ಅವಮಾನಗೊಂಡ ಫೈಸಲನ ಮಾನವನ್ನು ಹಿಂದಕ್ಕೆ ಕೊಟ್ಟವರು ಯಾರು?

ಉಳಿದಿದ್ದ ಇನ್ನೊಂದು ಜಗಳ ಬಾವುಟದ್ದು. ಸೂರ್ ಎಂಬ ಪಟ್ಟಣದ ಹಡಗುಗಳ ಒಡೆಯರು ಸುಲ್ತಾನನ ಪ್ರಜೆಗಳು. ಆದರೆ ಅವರಲ್ಲಿ ಹಲವರು ಫ್ರೆಂಚರಿಂದ ಬಾವುಟವನ್ನೂ ಕಾಗದಗಳನ್ನೂ ಪಡೆದು, ಆಂಗ್ಲರ ನೌಕೆಗಳು ತಮ್ಮನ್ನು ತಪಾಸಣೆ ಮಾಡದಂತೆ ನೋಡಿಕೊಂಡಿದ್ದರು. ಅಂತಹ ಕೆಲವು ಹಡಗುಗಳಲ್ಲಿ ಆಫ್ರಿಕದಿಂದ ಗುಲಾಮರನ್ನು ಸಾಗಿಸುತ್ತಿದ್ದುದು ನಿಜ. ಆ ನೀಚ ವ್ಯಾಪಾರವನ್ನು ಸಮರ್ಥಿಸಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ನ್ಯಾಯವಾದ ಆಕ್ಷೇಪಣೆಯೂ ಬಲವಂತನ ಕೈಯಲ್ಲಿ ಆಯುಧವಾಗಬಲ್ಲುದೆಂಬುದನ್ನು ಇಲ್ಲಿ ಕಾಣುತ್ತೇವೆ. ತನ್ನ ಪ್ರಜೆಗಳು ಪರರ ಬಾವುಟ ಹಾರಿಸಿದರೆ ಸುಲ್ತಾನನಿಗೆ ಅವರ ಮೇಲಿನ ಅಧಿಕಾರ ತಪ್ಪುತ್ತಿದ್ದಿತು. ಬಾವುಟ ಕಿತ್ತರೆ ಆಂಗ್ಲರ ಹಿಡಿತ ಬಿಗಿಯುತ್ತಿದ್ದಿತು.

1904ರ ಏಪ್ರಿಲಿನಲ್ಲಿ ಇಂಗ್ಲೆಂಡೂ ಫ್ರಾನ್ಸೂ ಹಳೆಯ ವೈರವನ್ನು ಬಿಟ್ಟು ಸ್ನೇಹ ಮಾಡಿಕೊಂಡುವು. ಬಾವುಟದ ವ್ಯಾಜ್ಯವನ್ನು ಹೇಗ್ ನಗರದ ಪಂಚಾಯಿತಿ ನ್ಯಾಯಾಲಯಕ್ಕೆ ಒಪ್ಪಿಸಿದುವು. ತೀರ್ಪು ಹೇಳಿದವರು ಅಮೆರಿಕದ ಮುಖ್ಯ ನ್ಯಾಯಾಧೀಶ ಫುಲ್ಲರ್ ಮತ್ತು ಹಾಲೆಂಡ್ ಹಾಗೂ ಆಸ್ಟ್ರಿಯಗಳ ಇಬ್ಬರು ವಿದ್ವಾಂಸರು. 1905ರ ಆಗಸ್ಟ್ 8ರ ತೀರ್ಪಿನಂತೆ, 1892ರ ಜನವರಿ 2ಕ್ಕೆ ಮೊದಲು ಬಾವುಟ ಪಡೆದವರು ಅದನ್ನು ಇಟ್ಟುಕೊಳ್ಳಬಹುದು, ಬೇರೆಯವರಿಗೆ ವರ್ಗಾಯಿಸಕೂಡದು, ಅನಂತರ ಫ್ರಾನ್ಸು ತನ್ನ ಹಳೆಯ ಆಶ್ರಿತರಿಗಲ್ಲದೆ ಹೊಸಬರಿಗೆ ಕೊಡಕೂಡದು. ತೀರ್ಪು ಬಹುಮಟ್ಟಿಗೆ ಆಂಗ್ಲರಿಗೆ ಅನುಕೂಲ. ಆದರೆ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ. ವಾದಿ ಪ್ರತಿವಾದಿಗಳು ಇಂಗ್ಲೆಂಡ್ ಮತ್ತು ಫ್ರಾನ್ಸ್. ವಿಷಯ ಮಸ್ಕತ್ತಿನ ಪ್ರಜೆಗಳು. ಮಸ್ಕತ್ತಿನ ಸುಲ್ತಾನನು ವ್ಯಾಜ್ಯದಲ್ಲಿ ಪಕ್ಷಗಾರನೇ ಅಲ್ಲ!

ಆನೆಗಳ ಕಾಳಗದಲ್ಲಿ ಗರಿಕೆ ತುಳಿತಕ್ಕೆ ಸಿಕ್ಕಿತೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಮಸ್ಕತ್ತಿನ ಚರಿತ್ರೆಯನ್ನು ಓದಿದ ಮೇಲೆ ಈ ಮಾತು ಪೂರ್ತಿ ಸರಿಯಲ್ಲವೆಂದು ನನಗೆ ತೋರಿತು. ಎರಡು ಸಾಮ್ರಾಜ್ಯಗಳು ಜಗಳವಾಡುತ್ತಿದ್ದಷ್ಟು ಕಾಲ ಸಣ್ಣ ಅರಸನಿಗೆ ಬೆಲೆಯಿದ್ದಿತು. ಒಬ್ಬನಿಗೆ ಇಲ್ಲವೆನ್ನಲು ಇನ್ನೊಬ್ಬನಿರಬೇಕು. ಅವರು ರಾಜಿಯಾದ ದಿನ ಅವನಿಗೆ ಇಲ್ಲವೆನ್ನುವ ಶಕ್ತಿಯೇ ಹೋಯಿತು. 1912ರಲ್ಲಿ, ಇಂಡಿಯದ ವಾಯವ್ಯ ಗಡಿಗೆ ಬಂದೂಕುಗಳು ಹೋಗುತ್ತವೆಂದು ಆಂಗ್ಲರು ಒತ್ತಾಯಿಸಿದಾಗ, ಫೈಸಲನು ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ಪರಿಹಾರ ಪಡೆದು ಶಸ್ತ್ರ ವ್ಯಾಪಾರವನ್ನು ಕಟ್ಟಿಗೆ ತಂದನು. ಇದರಿಂದಲೂ ಸಿಟ್ಟಾದ ಒಳನಾಡಿನವರು 1913ರಲ್ಲಿ ತಮ್ಮದೇ ಇಮಾಮನನ್ನು ಆರಿಸಿಕೊಂಡರು. ಆ ವರ್ಷವೇ ಫೈಸಲನು ತೀರಿಕೊಂಡನು. 1915ರ ಜನವರಿಯಲ್ಲಿ ಇಮಾಮನ ದಂಡು ಮಸ್ಕತ್ತಿನ ಮೇಲೆ ಬಂದಾಗ ಅವನ ಮಗ ತೈಮೂರನ ಪಟ್ಟವನ್ನು ಉಳಿಸಿದವರು ಬ್ರಿಟಿಷ್ ಸೇನೆಯ ಇಂಡಿಯದ ಸಿಪಾಯಿಗಳು. ಸ್ವತಃ ಪರತಂತ್ರರಾಗಿದ್ದವರು ಇನ್ನೊಬ್ಬ ಪರತಂತ್ರನ ಕಾವಲಿಗೆ ನಿಂತರು.

ಫೈಸಲನು ವೀರನೆಂದು ನಾನು ಹೇಳಲಾರೆ. ಆದರೆ ಅವನ ಕಷ್ಟ ನಮಗೆ ಅಪರಿಚಿತವಲ್ಲ. ಮೈಸೂರಿನ ಟಿಪ್ಪು ಆಂಗ್ಲರ ವಿರುದ್ಧ ಫ್ರೆಂಚರನ್ನು ನಂಬಿದನು. ಮಸ್ಕತ್ತಿನ ಫೈಸಲನೂ ನೂರು ವರ್ಷಗಳ ಅನಂತರ ಅದನ್ನೇ ಮಾಡಿದನು. ಕರಾರುಗಳನ್ನು ಓದುವಾಗ ಅದರಲ್ಲಿರುವ ಸಿಹಿ ಮಾತುಗಳನ್ನು ಎಣಿಸಿ ಫಲವಿಲ್ಲ. ಮಾತು ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಅದನ್ನು ಮುರಿದರೆ ಕೇಳುವವರು ಯಾರು ಎಂಬುದನ್ನು ಮೊದಲು ನೋಡಬೇಕು. ಇಷ್ಟನ್ನು ಮಸ್ಕತ್ತಿನ ಆ ಎರಡನೆಯ ಪತ್ರ ನನಗೆ ಕಲಿಸಿತು.