ಬೆಳೆ ರೋಗದ ಫೋಟೋ: ಜೆಪೆಗ್ ಯಾವುದಕ್ಕೆ, ಪಿಎನ್‌ಜಿ ಯಾವುದಕ್ಕೆ?

ಎಲೆ ಕಿತ್ತುಕೊಂಡು ಕೃಷಿ ಕಚೇರಿಗೆ ಹೋಗುವ ಬದಲು ಈಗ ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸುತ್ತೇವೆ. ಆ ಫೋಟೋ ಯಾವ ರೂಪದಲ್ಲಿ ಹೋಗುತ್ತದೆ ಎಂಬುದರ ಮೇಲೆ ಔಷಧದ ಖರ್ಚೂ ನಿಂತಿರುತ್ತದೆ.

ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆಯ ಸೋಯಾಬೀನನ್ನೇ ತಗೊಳ್ಳಿ. ತುಕ್ಕು ರೋಗ ಬಂದರೆ ಎಲೆಯ ಕೆಳಗೆ ಕಂದು ಗುಳ್ಳೆ ಏಳುತ್ತವೆ. ಬ್ಯಾಕ್ಟೀರಿಯಾದ ಗುಳ್ಳೆ ರೋಗವೂ ಮೇಲ್ನೋಟಕ್ಕೆ ಹಂಗೇ ಕಾಣುತ್ತದೆ. ತುಕ್ಕು ಶಿಲೀಂಧ್ರದ್ದು. ಅದಕ್ಕೆ ಹೊಡೆಯುವ ಔಷಧ ಇನ್ನೊಂದಕ್ಕೆ ನಾಟೂದಿಲ್ಲ. ತುಕ್ಕಿನ ಗುಳ್ಳೆ ಬಾಯಿ ಒಡೆದು ಪುಡಿ ಉದುರಿಸುತ್ತದೆ. ಸಾಸಿವೆಗಿಂತ ಸಣ್ಣದಾದ ಈ ಗುರುತೇ ಫೋಟೋದಲ್ಲಿ ಮಸುಕಾದರೆ ತಜ್ಞರಾದರೂ ಏನು ಹೇಳ್ಯಾರು?

ಫೋಟೋ ಅಂದರೆ ಬಣ್ಣದ ಚುಕ್ಕೆಗಳ ಸಾಲು. 12 ಮೆಗಾಪಿಕ್ಸೆಲ್ ಅಂದರೆ 1.2 ಕೋಟಿ ಚುಕ್ಕೆ. ಚುಕ್ಕೆಗೆ 3 ಬೈಟಿನಂತೆ 36 ಎಂಬಿ ಆಯಿತು. ಬಿಎಂಪಿ ಎಂಬ ರೂಪ ಸಾಮಾನ್ಯವಾಗಿ ಹೀಗೆ ಕುಗ್ಗಿಸದೆ ಇಡುತ್ತದೆ. ಇಷ್ಟು ಭಾರ ಕಳಿಸುವುದು ಕಷ್ಟ. ಅದಕ್ಕೇ ಉಳಿದ ರೂಪಗಳು ಬಂದವು.

ಜೆಪೆಗ್ (1992): ಚಿತ್ರವನ್ನು 8×8 ಚುಕ್ಕೆಗಳ ಚೌಕ ಮಾಡಿ, ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮವನ್ನು ಬಿಟ್ಟುಬಿಡುತ್ತದೆ. 36 ಎಂಬಿ ನಾಲ್ಕೈದು ಎಂಬಿಗೆ ಇಳಿದೀತು. ಆದರೆ ಬೆಲ್ಲದಿಂದ ಮತ್ತೆ ಕಬ್ಬಿನ ಹಾಲು ಬರೂದಿಲ್ಲ. ಬಿಟ್ಟದ್ದು ಹೋದಂಗೇ. ತಿದ್ದಿ ಉಳಿಸಿದಾಗೆಲ್ಲ ಇನ್ನಷ್ಟು ಕೆಡುತ್ತದೆ.

ಪಿಎನ್‌ಜಿ (1996): ಕಣಿಕಿ ಸಿವುಡು ಬಿಗಿದು ಕಟ್ಟಿದಂಗ. ಬಿಚ್ಚಿದರೆ ಒಂದು ದಂಟೂ ಕಡಿಮೆ ಇರೂದಿಲ್ಲ. ಅಕ್ಷರ, ಗೆರೆ ಚೊಕ್ಕ ಉಳಿಯುತ್ತವೆ. ಬಣ್ಣ ಬಣ್ಣದ ಫೋಟೋಕ್ಕೆ ಮಾತ್ರ ಬಹಳ ಜಾಗ ತಿನ್ನುತ್ತದೆ.

ಜಿಫ್ (1987): ಬರೇ 256 ಬಣ್ಣ. ಎಲೆಯ ಹಸಿರು ಹಳದಿಯ ಛಾಯೆಗಳಿಗೆ ಸಾಲದು.

ವೆಬ್‌ಪಿ ಮತ್ತು ಹೈಕ್ ಹೊಸವು. ಜಾಗ ಕಡಿಮೆ ಸಾಕು. ಹಳೆಯ ಕಂಪ್ಯೂಟರಿನಲ್ಲಿ ತೆರೆಯದೆ ಇರಬಹುದು.

ಹಾಗಾದರೆ ನಾವು ಮಾಡಬೇಕಾದದ್ದು:

1. ರೋಗದ ಎಲೆಗೆ ಜೆಪೆಗ್ ಸಾಕು. ಕ್ಯಾಮೆರಾದಿಂದ ಬಂದ ಮೂಲ ಫೋಟೋವನ್ನೇ ಕಳಿಸಿ.

2. ವಾಟ್ಸಾಪಿನಲ್ಲಿ ಸುಮ್ಮನೆ ಫೋಟೋ ಅಂತ ಕಳಿಸಿದರೆ ಅದು ಇನ್ನಷ್ಟು ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಒತ್ತಿ ಕಳಿಸಿದರೆ ಇದ್ದಂಗೇ ಹೋಗುತ್ತದೆ.

3. ಮೊಬೈಲಿನಲ್ಲಿ ತೆರೆದ ಉತಾರ, ಹೊಲದ ನಕ್ಷೆಯ ಸ್ಕ್ರೀನ್‌ಶಾಟ್ ಪಿಎನ್‌ಜಿಯಲ್ಲೇ ಇರಲಿ. ಸರ್ವೆ ನಂಬರಿನ 3 ಮತ್ತು 8 ಕಲಸಿ ಹೋಗಬಾರದು.

4. ಕೆಟ್ಟ ಜೆಪೆಗ್ಗನ್ನು ಪಿಎನ್‌ಜಿ ಮಾಡಿದರೆ ಭಾರ ಹೆಚ್ಚೀತು, ಹೋದ ಗುಳ್ಳೆ ತಿರುಗಿ ಬರದು. ಎಲೆ ಹೊಲದಲ್ಲೇ ಇದೆ, ಹೋಗಿ ಇನ್ನೊಂದು ಫೋಟೋ ಹೊಡೆಯಿರಿ.