ಡಿಸ್ಕುಗಳ ಕ್ಷೇಮಸಮಾಚಾರ

ಗದಗಿಗೆ ಮುದ್ರಣಕಾಶಿಯೆಂಬ ಹೆಸರು ಬಂದುದು ಅಚ್ಚುಮೊಳೆಗಳ ಕಾಲದಲ್ಲಿ. ಸೀಸದ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸಿ, ಪಠ್ಯಪುಸ್ತಕ, ಪಂಚಾಂಗ, ಪುರಾಣ, ಲಗ್ನಪತ್ರಿಕೆಗಳನ್ನು ಅಚ್ಚುಹಾಕಿ ದೂರದೂರದ ಊರುಗಳಿಗೆ ಕಳುಹಿಸುತ್ತಿದ್ದ ಗದಗ-ಬೆಟಗೇರಿಯ ಮುದ್ರಣಾಲಯಗಳಲ್ಲಿ, ಮೊಳೆಯ ಪೆಟ್ಟಿಗೆಗಳಿದ್ದ ಜಾಗವನ್ನು ಇಂದು ಗಣಕಯಂತ್ರಗಳು ಹಿಡಿದಿವೆ. ಪುಟವಿನ್ಯಾಸ, ಚಿತ್ರ, ಮುಖಪುಟ, ಗಿರಾಕಿಗಳ ಲೆಕ್ಕಪತ್ರ ಇವೆಲ್ಲವೂ ಕಣ್ಣಿಗೆ ಕಾಣದ ಕಾಂತೀಯ ಗುರುತುಗಳಾಗಿ ಹಾರ್ಡ್ ಡಿಸ್ಕುಗಳಲ್ಲಿ ನೆಲೆಗೊಂಡಿವೆ. ಮೊಳೆ ಜೋಡಿಸುವವನ ಕೈಯಿಂದ ಕಟ್ಟಿದ ಪುಟವೊಂದು ಜಾರಿ ಬಿದ್ದರೆ ಅಕ್ಷರಗಳೆಲ್ಲ ನೆಲದ ಮೇಲೆ ಚೆಲ್ಲುತ್ತಿದ್ದವು, ಆದ ಹಾನಿ ಆ ಕ್ಷಣದಲ್ಲಿಯೇ ಎಲ್ಲರಿಗೂ ಗೊತ್ತಾಗುತ್ತಿದ್ದಿತು. ಡಿಸ್ಕಿನ ಹಾನಿ ಹಾಗೆ ಸದ್ದು ಮಾಡಿ ಬರುವುದಿಲ್ಲ.

ಇದು ಮುದ್ರಣಾಲಯಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ರೈತರು ಪೀಕಿನ ಸಾಲಕ್ಕಾಗಿ ಒಯ್ಯುವ ಹೊಲದ ಉತಾರವು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಿಂದ ಗಣಕಯಂತ್ರಕ್ಕೆ ಏರಿ ಎರಡು ದಶಕಗಳೇ ಕಳೆದಿವೆ. ಭೂಮಿ ಯೋಜನೆಯು ಈ ಶತಮಾನದ ಆರಂಭದಲ್ಲಿ 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಹೀಗೆ ಏರಿಸಿತು. ಅನಂತರ ಹಳ್ಳಿಯ ಮನೆ, ಖಾಲಿ ಜಾಗಗಳ ದಾಖಲೆಗಳೂ ಇ-ಸ್ವತ್ತು ಎಂಬ ವ್ಯವಸ್ಥೆಯ ಮೂಲಕ ಅದೇ ದಾರಿಯನ್ನು ಹಿಡಿದುವು. ನಾಗಾವಿಯ ಗುಡ್ಡದ ಸೆರಗಿನಲ್ಲಿ, 2016ರ ಅಧಿನಿಯಮದ ಮೇರೆಗೆ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಇಂದು ಓದುತ್ತಿರುವ ತರುಣ ತರುಣಿಯರ ಪೈಕಿ ಹಲವರು ನಾಳೆ ಇಂಥ ದಾಖಲೆಗಳ ರಕ್ಷಕರಾಗತಕ್ಕವರು. ದಾಖಲೆಯನ್ನು ಬರೆಯುವ ವಿಧಿಯನ್ನು ಬಲ್ಲವರು ಆ ದಾಖಲೆ ಕುಳಿತಿರುವ ಪೀಠದ ಆರೋಗ್ಯವನ್ನು ವಿಚಾರಿಸುವ ವಿಧಿಯನ್ನೂ ಬಲ್ಲವರಾಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಆ ವಿಧಿ ಕಠಿಣವಾದುದೇನೂ ಅಲ್ಲ, ಒಂದು ಸಾಲನ್ನು ಟೈಪ್ ಮಾಡಿ ಬಂದ ಉತ್ತರವನ್ನು ಗಮನವಿಟ್ಟು ಓದುವಷ್ಟರದೇ ಆಗಿದೆ.

ಹಾರ್ಡ್ ಡಿಸ್ಕೆಂಬುದು ಚಲಿಸುವ ಯಂತ್ರ. ಅದರೊಳಗಿನ ಬಿಲ್ಲೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ, ಅವುಗಳ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಕಡಿಮೆಯ ಅಂತರದಲ್ಲಿ ಓದುವ ಬರೆಯುವ ಮುಳ್ಳು ಓಡಾಡುತ್ತಿರುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ಬಿಲ್ಲೆಗಳಿದ್ದು, ಅಷ್ಟೂ ಸೇರಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಇಂದು ಅಂಗೈಯಗಲದ ಡಿಸ್ಕೊಂದು ಅದರ ಲಕ್ಷಾಂತರ ಪಟ್ಟನ್ನು ಹಿಡಿಯುತ್ತದೆಯಾದರೂ, ತಿರುಗುವ ವಸ್ತು ಎಂದಾದರೊಂದು ದಿನ ನಿಲ್ಲಲೇಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ. ಒಂದೇ ಡಿಸ್ಕನ್ನು ನಂಬಿದರೆ ಅದು ನಿಂತ ದಿನ ಕೆಲಸವೂ ನಿಲ್ಲುತ್ತದೆ.

ಇದಕ್ಕೆ ಪರಿಹಾರವಾಗಿ 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಎಂಬ ಮೂವರು ವಿದ್ವಾಂಸರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಬೆಲೆಬಾಳುವ ಒಂದು ದೊಡ್ಡ ಡಿಸ್ಕಿಗೆ ಪ್ರತಿಯಾಗಿ ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಒಂದು ಸಮೂಹವಾಗಿ ಕಟ್ಟಿ, ಅವುಗಳಲ್ಲೊಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಏರ್ಪಡಿಸಬಹುದೆಂದು ಅವರು ಪ್ರತಿಪಾದಿಸಿದ ಕ್ರಮವೇ ರೇಡ್ ಎಂದು ಪ್ರಸಿದ್ಧವಾಯಿತು. ಅದರಲ್ಲಿ ಹಲವು ಮಟ್ಟಗಳುಂಟು. ಒಂದನೆಯ ಮಟ್ಟದಲ್ಲಿ ಎರಡು ಡಿಸ್ಕುಗಳ ಮೇಲೂ ಒಂದೇ ಮಾಹಿತಿಯನ್ನು ಬರೆಯಲಾಗುತ್ತದೆ; ಐದನೆಯದರಲ್ಲಿ ಮೂರು ಅಥವಾ ಹೆಚ್ಚು ಡಿಸ್ಕುಗಳಿಗೆ ಮಾಹಿತಿಯನ್ನು ಹಂಚಿ, ಒಂದು ಡಿಸ್ಕಿನಷ್ಟು ಸ್ಥಳವನ್ನು ಪ್ಯಾರಿಟಿ ಎಂಬ ತಾಳೆಲೆಕ್ಕಕ್ಕೆ ಮೀಸಲಿಡಲಾಗುತ್ತದೆ; ಆರನೆಯದು ಎರಡು ಡಿಸ್ಕು ಕೆಟ್ಟರೂ ತಾಳುತ್ತದೆ. ಸೊನ್ನೆಯೆಂಬ ಮಟ್ಟವೂ ಒಂದುಂಟು, ಅದರಲ್ಲಿ ವೇಗವಿದೆಯೇ ಹೊರತು ರಕ್ಷಣೆ ಎಳ್ಳಷ್ಟೂ ಇಲ್ಲ.

ತಾಳೆಲೆಕ್ಕದ ಮರ್ಮವನ್ನು ತಿಳಿಯಲು ಗದಗ ತಾಲ್ಲೂಕಿನ ಕಣಗಿನಹಾಳದವರೆಗೆ ಹೋಗಿಬರಬಹುದು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸ್ಥಾಪಿತವಾದ ಅಲ್ಲಿಯ ಕೃಷಿ ಪತ್ತಿನ ಸಹಕಾರ ಸಂಘವು ಏಷ್ಯಾದಲ್ಲಿಯೇ ಮೊದಲನೆಯದೆಂದು ಖ್ಯಾತಿವೆತ್ತಿದೆ. ಅಂಥ ಸಂಘವೊಂದರ ಹಳೆಯ ಕಿರ್ದಿಯ ಒಂದು ಸಾಲಿನಲ್ಲಿ 12, 7, 21 ಎಂಬ ಮೂರು ರಕಮುಗಳೂ, ಕೊನೆಗೆ ಒಟ್ಟು 40 ಎಂಬ ಅಂಕಿಯೂ ಇವೆಯೆಂದು ಭಾವಿಸೋಣ. ನುಸಿಯು 7ನ್ನು ತಿಂದುಹಾಕಿದರೂ, ಉಳಿದ ಎರಡು ರಕಮುಗಳನ್ನು ಒಟ್ಟಿನಿಂದ ಕಳೆದು ಗುಮಾಸ್ತನು ಅದನ್ನು ಮರಳಿ ಬರೆಯಬಲ್ಲನು. ಆದರೆ 7ರೊಡನೆ 21ನ್ನೂ ನುಸಿ ತಿಂದಿದ್ದರೆ ಯಾವ ಚತುರ ಗುಮಾಸ್ತನಿಂದಲೂ ಅದು ಆಗದು. ಐದನೆಯ ಮಟ್ಟದ ರೇಡು ಮಾಡುವುದು ಇಷ್ಟನ್ನೇ. ದಶಮಾನದ ಕೂಡಿಕೆಗೆ ಬದಲು ಸೊನ್ನೆ-ಒಂದುಗಳ ದ್ವಿಮಾನ ಲೆಕ್ಕವನ್ನು ಬಳಸುತ್ತದೆ, ಒಟ್ಟನ್ನು ಒಂದೇ ಡಿಸ್ಕಿನಲ್ಲಿಡದೆ ಎಲ್ಲವುಗಳ ಮೇಲೂ ಸರದಿಯಂತೆ ಹಂಚುತ್ತದೆ.

ಇಲ್ಲಿಯೇ, ಈ ಗುಣದಲ್ಲಿಯೇ, ಗಂಡಾಂತರವೂ ಅಡಗಿದೆ. ಮೂರು ಡಿಸ್ಕುಗಳಲ್ಲೊಂದು ಕೆಟ್ಟಾಗ ಸಮೂಹವು ನಿಲ್ಲುವುದಿಲ್ಲ; ಕಡತಗಳು ಎಂದಿನಂತೆ ತೆರೆಯುತ್ತವೆ, ಪುಟಗಳು ಅಚ್ಚಾಗುತ್ತವೆ, ಗುಮಾಸ್ತರು ತಮ್ಮ ಕೆಲಸವನ್ನು ಮುಂದುವರಿಸುತ್ತಾರೆ, ಬಹಳವಾದರೆ ಯಂತ್ರವು ಸ್ವಲ್ಪ ಮಂದವಾಯಿತೆಂದು ಯಾರಾದರೊಬ್ಬರು ಗೊಣಗಬಹುದು. ರಕ್ಷಣೆ ಆ ಹೊತ್ತಿಗೆ ಸಂಪೂರ್ಣವಾಗಿ ತೀರಿಹೋಗಿದೆಯೆಂಬುದು, ಇನ್ನೊಂದು ಡಿಸ್ಕು ಕೆಟ್ಟರೆ ಎಲ್ಲವೂ ಹೋಗುವುದೆಂಬುದು, ಕೇಳದವರಿಗೆ ತಿಳಿಯುವುದೇ ಇಲ್ಲ. ಸಮೂಹವನ್ನು ಕಟ್ಟಿಸಿದೆವು, ಇನ್ನು ನಿಶ್ಚಿಂತೆ, ಎಂದು ಬಗೆದು ವರ್ಷಗಟ್ಟಲೆ ಅದರತ್ತ ನೋಡದಿರುವವರು, ಒಂದೇ ಡಿಸ್ಕನ್ನಿಟ್ಟುಕೊಂಡು ಭಯದಿಂದಲೇ ದಿನವೂ ಪ್ರತಿ ತೆಗೆದಿಡುವವರಿಗಿಂತ ಹೆಚ್ಚಿನ ಅಪಾಯದಲ್ಲಿರುತ್ತಾರೆ.

ಆದುದರಿಂದ ಕೇಳಬೇಕು. ಲಿನಕ್ಸ್ ವ್ಯವಸ್ಥೆಯ ಸರ್ವರುಗಳಲ್ಲಿ ಕೇಳುವ ಅತ್ಯಂತ ಸರಳವಾದ ಕಮಾಂಡು, ‘ಪ್ರಾಕ್’ ಎಂಬ ಕೋಶದಲ್ಲಿರುವ ‘ಎಂಡಿಸ್ಟ್ಯಾಟ್’ ಎಂಬ ಕಡತವನ್ನು ‘ಕ್ಯಾಟ್’ ಎಂಬ ಪದದಿಂದ ತೆರೆದು ತೋರಿಸುವುದು. ಕಡತವೆಂದರೂ ಅದು ಡಿಸ್ಕಿನ ಮೇಲೆ ಬರೆದಿಟ್ಟ ಕಡತವಲ್ಲ. ಓದಲೆಂದು ಕೇಳಿದ ಆ ಕ್ಷಣದಲ್ಲಿಯೇ ವ್ಯವಸ್ಥೆಯ ಹೃದಯಭಾಗವಾದ ಕರ್ನೆಲ್ ತನ್ನ ಅಂದಿನ ಸ್ಥಿತಿಯನ್ನು ಬರೆದು ಒಪ್ಪಿಸುವ ವರದಿ. ಬೆಟಗೇರಿಯ ಮುದ್ರಣಾಲಯವೊಂದರಲ್ಲಿ 4 ಟೆರಾಬೈಟಿನ ಮೂರು ಡಿಸ್ಕುಗಳ ಐದನೆಯ ಮಟ್ಟದ ಸಮೂಹವೊಂದಿದೆಯೆಂದಿಟ್ಟುಕೊಂಡರೆ, ಪರದೆಯ ಮೇಲೆ ಮೊದಲು ‘ಎಂಡಿ0’ ಎಂಬ ಸಮೂಹದ ಹೆಸರು, ‘ಆಕ್ಟಿವ್’ ಎಂಬ ಮಾತು, ‘ರೇಡ್5’ ಎಂಬ ಮಟ್ಟ, ಅನಂತರ ಎಸ್‌ಡಿಬಿ1, ಎಸ್‌ಡಿಸಿ1, ಎಸ್‌ಡಿಡಿ1 ಎಂಬ ಸದಸ್ಯರ ಹೆಸರುಗಳು ಮೂಡುತ್ತವೆ. ಅದರ ಕೆಳಗಿನ ಸಾಲಿನ ತುದಿಯಲ್ಲಿ ಎರಡು ಚಿಕ್ಕ ಆವರಣಗಳಿರುತ್ತವೆ, ಮೊದಲನೆಯದರಲ್ಲಿ 3/3 ಎಂದೂ ಎರಡನೆಯದರಲ್ಲಿ ಇಂಗ್ಲಿಷಿನ ಯು ಅಕ್ಷರ ಮೂರು ಬಾರಿಯೂ. ಒಂದೊಂದು ಯು ಕೂಡ ಒಂದೊಂದು ಡಿಸ್ಕಿನ ಹಾಜರಿ. ಮಧ್ಯದ ಡಿಸ್ಕು ಕೆಟ್ಟ ದಿನ ಸದಸ್ಯರ ಸಾಲಿನಲ್ಲಿ ಅದರ ಹೆಸರಿನ ಮುಂದೆ ಆವರಣದೊಳಗೆ ಎಫ್ ಎಂಬ ಅಕ್ಷರ ಬಂದು ಸೇರುತ್ತದೆ, 3/3 ಎಂಬುದು 3/2 ಆಗುತ್ತದೆ, ಎರಡು ಯುಗಳ ನಡುವೆ ಒಂದು ಅಡಿಗೆರೆ ಮಾತ್ರ ಉಳಿಯುತ್ತದೆ. ಸಾಲು ‘ಆಕ್ಟಿವ್’ ಎಂದೇ ಹೇಳುತ್ತಿರುತ್ತದೆಯೆಂಬುದನ್ನು ವಾಚಕರು ವಿಶೇಷವಾಗಿ ಲಕ್ಷಿಸಬೇಕು: ಆ ಮೊದಲ ಮಾತನ್ನು ನೋಡಿ ಸಮಾಧಾನಗೊಂಡು ಎದ್ದುಹೋಗುವವರಿಗೆ ತುದಿಯ ಅಡಿಗೆರೆ ಕಾಣದು.

ಇನ್ನೂ ವಿವರ ಬೇಕಾದವರಿಗೆ ಎಂಡಿ-ಆಡಮ್ ಎಂಬ ಉಪಕರಣವಿದೆ. ಆಸ್ಟ್ರೇಲಿಯಾದ ನೀಲ್ ಬ್ರೌನ್ 2001ರಲ್ಲಿ ರಚಿಸಿದ ಇದಕ್ಕೆ ‘ಡಿಟೇಲ್’ ಎಂದು ಹೇಳಿ ಸಮೂಹದ ಹೆಸರನ್ನು ಕೊಟ್ಟರೆ, ಅದು ಸಮೂಹದ ಜಾತಕವನ್ನೇ ಬಿಚ್ಚಿಡುತ್ತದೆ: ಹುಟ್ಟಿದ ದಿನಾಂಕ, ರೇಡಿನ ಮಟ್ಟ, ಒಟ್ಟು ಅಳತೆ, ಇರಬೇಕಾದ ಡಿಸ್ಕುಗಳೆಷ್ಟು, ಇರುವುವೆಷ್ಟು, ಕೆಟ್ಟುವೆಷ್ಟು, ಬದಲಿಗಾಗಿ ಕಾದಿರುವ ಸ್ಪೇರ್ ಡಿಸ್ಕುಗಳೆಷ್ಟು, ಮಾಹಿತಿಯನ್ನು ಹಂಚುವ ತುಣುಕಿನ ಗಾತ್ರವೆಷ್ಟು, ಸಮೂಹದ ಅನನ್ಯ ಗುರುತಿನ ಸಂಖ್ಯೆ ಯಾವುದು. ಇವುಗಳ ನಡುವೆ ಸ್ಟೇಟ್ ಎಂಬ ಸಾಲಿನಲ್ಲಿ ‘ಕ್ಲೀನ್’ ಎಂದಷ್ಟೇ ಇದ್ದರೆ ಕ್ಷೇಮ. ‘ಕ್ಲೀನ್, ಡಿಗ್ರೇಡೆಡ್’ ಎಂದಿದ್ದರೆ ಮಾಹಿತಿ ಸದ್ಯಕ್ಕೆ ಸರಿಯಾಗಿದೆ, ಆದರೆ ಸಮೂಹವು ಅಂಗಹೀನವಾಗಿದೆಯೆಂದು ಅರ್ಥ.

ದೋಷ ತಿಳಿದ ಮೇಲೆ ಅವಸರಪಡುವುದೇ ಬಹುಮಂದಿಯ ನಷ್ಟಕ್ಕೆ ಕಾರಣ. ಕಮಾಂಡು ಹೇಳುವ ಎಸ್‌ಡಿಸಿ ಎಂಬ ಹೆಸರು ಡಿಸ್ಕಿನ ಮೈಮೇಲೆ ಬರೆದ ಹೆಸರಲ್ಲ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದಾಗ ಅದೇ ಡಿಸ್ಕಿಗೆ ಬೇರೆ ಹೆಸರು ಬಂದೀತು. ಆದಕಾರಣ ‘ಸ್ಮಾರ್ಟ್‌ಸಿಟಿಎಲ್’ ಎಂಬ ಮತ್ತೊಂದು ಕಮಾಂಡಿನಿಂದ ಕೆಟ್ಟ ಡಿಸ್ಕಿನ ಸೀರಿಯಲ್ ನಂಬರನ್ನು ಕೇಳಿಕೊಂಡು, ಅದನ್ನು ಕಾಗದದ ಮೇಲೆ ಬರೆದು, ಡಿಸ್ಕಿಗೆ ಅಂಟಿಸಿದ ಚೀಟಿಯೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಿದ ಬಳಿಕವೇ ಸ್ಕ್ರೂ ಬಿಚ್ಚತಕ್ಕದ್ದು. ಒಂದು ಡಿಸ್ಕು ಈಗಾಗಲೇ ಹೋಗಿರುವಾಗ ಕೈತಪ್ಪಿ ಆರೋಗ್ಯವಾಗಿರುವ ಇನ್ನೊಂದನ್ನು ಎಳೆದರೆ, ಯಂತ್ರವು ಮಾಡದ ನಾಶವನ್ನು ಮನುಷ್ಯನೇ ಮಾಡಿದಂತಾಗುತ್ತದೆ.

ಹೊಸ ಡಿಸ್ಕನ್ನು ಸೇರಿಸಿದ ಬಳಿಕ ಅದೇ ಎಂಡಿಸ್ಟ್ಯಾಟ್ ವರದಿಯಲ್ಲಿ ‘ರಿಕವರಿ’ ಎಂಬ ಸಾಲು ಕಾಣಿಸಿಕೊಂಡು, ಕೆಲಸ ನೂರಕ್ಕೆ ಎಷ್ಟು ಮುಗಿಯಿತು, ಇನ್ನೆಷ್ಟು ನಿಮಿಷ ಬೇಕು, ಯಾವ ವೇಗದಲ್ಲಿ ಸಾಗಿದೆ ಎಂಬುದನ್ನು ಹೇಳುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ನಡೆದರೂ 4 ಟೆರಾಬೈಟನ್ನು ತುಂಬಲು ಏಳು ತಾಸಿಗೂ ಹೆಚ್ಚು ಬೇಕು. ಮುದ್ರಣದ ಕೆಲಸವೂ ಜತೆಯಲ್ಲಿ ನಡೆದಿದ್ದರೆ ಅದು ಇನ್ನೂ ಲಂಬಿಸುತ್ತದೆ. ಈ ತಾಸುಗಳೇ ಅತ್ಯಂತ ಆತಂಕದ ಕಾಲ, ಯಾಕೆಂದರೆ ಉಳಿದ ಎರಡೂ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದಬೇಕಾಗುತ್ತದೆ. ಸಾಧಾರಣ ದರ್ಜೆಯ ಡಿಸ್ಕುಗಳ ತಯಾರಕರು 12.5 ಟೆರಾಬೈಟ್ ಓದುವಷ್ಟರಲ್ಲಿ ಓದಲಾಗದ ಒಂದು ಸ್ಥಳ ಸಿಕ್ಕಬಹುದೆಂದು ತಮ್ಮ ವಿವರಪತ್ರದಲ್ಲಿ ಮೇಲ್ಮಿತಿಯನ್ನು ಮುದ್ರಿಸಿರುತ್ತಾರೆ. ನಮ್ಮ ಉದಾಹರಣೆಯಲ್ಲಿ ಓದಬೇಕಾದುದು 8 ಟೆರಾಬೈಟ್. ದೊಡ್ಡ ಡಿಸ್ಕುಗಳ ಸಮೂಹಕ್ಕೆ ಐದನೆಯ ಮಟ್ಟವನ್ನು ಬಿಟ್ಟು ಆರನೆಯದನ್ನು ಆರಿಸಿರೆಂದು ತಿಳಿದವರು ಹೇಳುವುದರ ಹಿಂದೆ ಈ ಲೆಕ್ಕವಿದೆ.

ಅಂಥ ಓದಲಾಗದ ಸ್ಥಳಗಳನ್ನು ಆಪತ್ತಿಗೆ ಮುಂಚೆಯೇ ಹುಡುಕಿ ಸರಿಪಡಿಸುವ ಕ್ರಮವೂ ಇದೆ. ಸಮೂಹಕ್ಕೆ ‘ಚೆಕ್’ ಎಂಬ ಆಜ್ಞೆಯನ್ನು ಕೊಟ್ಟರೆ ಅದು ಬಿಡುವಿನ ವೇಳೆಯಲ್ಲಿ ತನ್ನನ್ನು ತಾನೇ ಆದ್ಯಂತ ಓದಿ ತಾಳೆ ನೋಡಿಕೊಳ್ಳುತ್ತದೆ. ಡೆಬಿಯನ್ ಎಂಬ ಲಿನಕ್ಸ್ ಪ್ರಭೇದದಲ್ಲಿ ತಿಂಗಳ ಮೊದಲ ಭಾನುವಾರ ಇದು ತಾನಾಗಿಯೇ ನಡೆಯುವ ಏರ್ಪಾಡಿದೆ. ‘ಮಾನಿಟರ್’ ಎಂಬ ರೂಪದಲ್ಲಿ ಎಂಡಿ-ಆಡಮನ್ನು ಸದಾ ಕಾವಲಿಗಿಟ್ಟರೆ ಡಿಸ್ಕು ಕೆಟ್ಟೊಡನೆ ಈಮೇಲ್ ಕಳುಹಿಸುತ್ತದೆ. ಇದು ಒಳ್ಳೆಯ ಏರ್ಪಾಡೇ ಸರಿ, ಆದರೂ ಆ ಈಮೇಲ್ ವಿಳಾಸ ಬಿಟ್ಟುಹೋದ ನೌಕರನದಾಗಿರಬಾರದು. ಯಾರಿಗೂ ತಲುಪದ ಎಚ್ಚರಿಕೆ ಮೌನಕ್ಕಿಂತ ಉತ್ತಮವಲ್ಲ, ಆದ್ದರಿಂದ ವಾರಕ್ಕೊಮ್ಮೆಯಾದರೂ ಕಣ್ಣಾರೆ ವರದಿಯನ್ನು ನೋಡುವ ಅಭ್ಯಾಸವನ್ನು ಕೈಬಿಡಬಾರದೆನ್ನುತ್ತೇನೆ. ಹೇಳದೆ ಕೇಳದೆ ಕರೆಂಟು ಹೋಗುವ ನಮ್ಮ ಊರುಗಳಲ್ಲಂತೂ ಬರೆಯುವ ಕೆಲಸ ಅರ್ಧಕ್ಕೆ ಕಡಿದು, ಮಾಹಿತಿಗೂ ತಾಳೆಲೆಕ್ಕಕ್ಕೂ ಹೊಂದಿಕೆ ತಪ್ಪಬಹುದಾದುದರಿಂದ, ಕರೆಂಟು ಮರಳಿದ ಮೇಲೆ ವರದಿಯಲ್ಲಿ ‘ರಿಸಿಂಕ್’ ಎಂಬ ಮಾತಿದೆಯೇ ಎಂದು ನೋಡುವುದು ಅವಶ್ಯ.

ಕೆಲವು ಸರ್ವರುಗಳಲ್ಲಿ ಈ ಕೆಲಸವನ್ನೆಲ್ಲ ಪ್ರತ್ಯೇಕವಾದ ರೇಡ್ ಕಾರ್ಡೇ ನಿರ್ವಹಿಸುತ್ತದೆ. ಆಗ ಕೇಳುವ ಸಾಧನವೂ ಬೇರೆ. ಮೆಗಾರೇಡ್ ಕಾರ್ಡುಗಳಿಗೆ ಸ್ಟೋರ್‌ಸಿಎಲ್‌ಐ, ಎಚ್‌ಪಿಯವರ ಕಾರ್ಡುಗಳಿಗೆ ಎಸ್‌ಎಸ್‌ಎಸಿಎಲ್‌ಐ. ವಿಂಡೋಸಿನಲ್ಲಿಯೇ ಕಟ್ಟಿದ ಒಂದನೆಯ ಮಟ್ಟದ ಸಮೂಹಗಳಿಗೆ ಡಿಸ್ಕ್‌ಪಾರ್ಟ್ ಎಂಬುದರಲ್ಲಿ ‘ಲಿಸ್ಟ್ ವಾಲ್ಯೂಮ್’ ಎಂದು ಕೇಳಿದರೆ ‘ಹೆಲ್ದಿ’ ಎಂದೋ ‘ಫೇಲ್ಡ್ ಆರ್‌ಡಿ’ ಎಂದೋ ಉತ್ತರ ಬರುತ್ತದೆ. ಚಿತ್ರ, ಗುಂಡಿಗಳ ಸುಂದರ ಪರದೆಗಳಿರುವಾಗ ಈ ಸಾಲುಗಳ ಗೊಡವೆ ಏಕೆಂದು ಕೇಳುವವರುಂಟು. ಗದಗಿನಲ್ಲಿ ಕುಳಿತು ಮುಂಡರಗಿಯ ಸರ್ವರನ್ನು ವಿಚಾರಿಸಬೇಕಾದಾಗ, ನೆಟ್‌ವರ್ಕ್ ಎಷ್ಟೇ ಕ್ಷೀಣವಾಗಿದ್ದರೂ ನಾಲ್ಕು ಸಾಲಿನ ಪಠ್ಯ ದಾಟಿಬರುತ್ತದೆ. ಅದೇ ಪ್ರಶ್ನೆಯನ್ನು ದಿನವೂ ನಿಯಮಿತ ವೇಳೆಗೆ ಯಂತ್ರವೇ ಕೇಳಿ ಉತ್ತರವನ್ನು ಬರೆದಿಡುವಂತೆ ಮಾಡಬಹುದು. ಬಂದ ಉತ್ತರವನ್ನು ಹಾಗೆಯೇ ನಕಲಿಸಿ ಬಲ್ಲವರಿಗೆ ಕಳುಹಿಸಿ ಸಲಹೆ ಪಡೆಯಬಹುದು.

ರೇಡ್ ಇದ್ದ ಮಾತ್ರಕ್ಕೆ ಬ್ಯಾಕಪ್ ಬೇಡವೆಂದು ತಿಳಿಯುವುದು ಸಲ್ಲದು. ತಪ್ಪಿ ಅಳಿಸಿದ ಕಡತ ಎಲ್ಲ ಡಿಸ್ಕುಗಳಿಂದಲೂ ಏಕಕಾಲಕ್ಕೆ ಅಳಿದುಹೋಗುತ್ತದೆ, ಬೆಂಕಿ, ಕಳವು, ವೈರಸ್‌ಗಳು ಸಮೂಹವನ್ನು ಸಮೂಹವಾಗಿಯೇ ಕೊಂಡೊಯ್ಯುತ್ತವೆ. ಬೇರೆ ಕಟ್ಟಡದಲ್ಲೊಂದು ಪ್ರತಿ ಇರಲೇಬೇಕು.

ಕೊನೆಯದಾಗಿ, ಎಲ್ಲವೂ ಸುಸ್ಥಿತಿಯಲ್ಲಿರುವಾಗಲೇ ‘ಡಿಟೇಲ್’ ವರದಿಯನ್ನೂ ಡಿಸ್ಕುಗಳ ಸೀರಿಯಲ್ ನಂಬರುಗಳನ್ನೂ ಕಾಗದದ ಮೇಲೆ ಮುದ್ರಿಸಿ ಕಚೇರಿಯ ಕಡತದಲ್ಲಿರಿಸುವುದು ಬಲು ಉಪಯುಕ್ತ. ಮುದ್ರಣಕಾಶಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಡಿಸ್ಕುಗಳು ಚೆನ್ನಾಗಿದ್ದು ಸರ್ವರಿನ ಮದರ್‌ಬೋರ್ಡೇ ಸುಟ್ಟುಹೋದ ಪ್ರಸಂಗದಲ್ಲಿ, ಲಿನಕ್ಸ್ ಸಮೂಹವಾದರೆ ಮೂರೂ ಡಿಸ್ಕುಗಳನ್ನು ಬೇರೊಂದು ಲಿನಕ್ಸ್ ಯಂತ್ರಕ್ಕೆ ಜೋಡಿಸಿ ‘ಅಸೆಂಬಲ್’ ಎಂದರೆ, ಪ್ರತಿ ಡಿಸ್ಕಿನ ಮೇಲೂ ಬರೆದಿರುವ ಗುರುತಿನ ಆಧಾರದಿಂದ ಅದು ತಾನೇ ಒಂದುಗೂಡುತ್ತದೆ. ಆಗ ಕಾಗದದಲ್ಲಿರುವ ಮಟ್ಟ, ತುಣುಕಿನ ಗಾತ್ರ, ಗುರುತಿನ ಸಂಖ್ಯೆಗಳೊಡನೆ ಹೋಲಿಸಿ, ಬಂದಿರುವುದು ಅದೇ ಸಮೂಹವೆಂದು ಖಚಿತಪಡಿಸಿಕೊಳ್ಳಬಹುದು. ರೇಡ್ ಕಾರ್ಡಿನಿಂದ ಕಟ್ಟಿದ ಸಮೂಹಕ್ಕಾದರೆ ಸಾಮಾನ್ಯವಾಗಿ ಅದೇ ಬಳಗದ ಕಾರ್ಡನ್ನೇ ಹುಡುಕಿ ತರಬೇಕಾಗುವುದರಿಂದ, ಕಾರ್ಡಿನ ಮಾದರಿಯ ಹೆಸರನ್ನೂ ಅದೇ ಕಾಗದದ ಮೇಲೆ ಬರೆದಿಡತಕ್ಕದ್ದು.